ಪ್ಲಗಿನ್ ಕೈಕೊಟ್ಟಾಗ: ವರ್ಡ್‌ಪ್ರೆಸ್ ತಾಣಗಳ ದೋಷ ನಿವಾರಣೆ ಕೈಪಿಡಿ

ಗ್ರಾಹಕರು ಫೋನ್ ಮಾಡಿದಾಗ ದೋಷದ ಹೆಸರು ಹೇಳುವುದಿಲ್ಲ, ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ. "ಸರ್, ಸೈಟ್ ಪೂರ್ತಿ ಬೆಳ್ಳಗಿದೆ", "ಹಣ ಕಡಿತವಾಗಿದೆ, ಆರ್ಡರ್ ಕಾಣಿಸುತ್ತಿಲ್ಲ", "ಮೇಡಂ, ಮೂರು ವಾರದಿಂದ ಒಂದು ವಿಚಾರಣೆಯ ಮೇಲ್ ಕೂಡ ಬಂದಿಲ್ಲ". ಸ್ವತಂತ್ರವಾಗಿ ಕೆಲಸ ಮಾಡುವ ವೆಬ್ ಡೆವಲಪರ್‌ಗೆ ಅಲ್ಲಿಂದಲೇ ಕೆಲಸ ಶುರು. ಹಾಗಾಗಿ ಈ ಕೈಪಿಡಿಯನ್ನೂ ಲಕ್ಷಣಗಳ ಪ್ರಕಾರವೇ ಜೋಡಿಸಿದ್ದೇನೆ. ಪ್ರತಿ ಭಾಗದಲ್ಲೂ ಕಾಸು ಖರ್ಚಿಲ್ಲದ, ಎರಡು ನಿಮಿಷದ ಪರೀಕ್ಷೆ ಮೊದಲು. ಕಡತಗಳಿಗೆ ಕೈಹಾಕುವ ಕೆಲಸ ಆಮೇಲೆ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಯಾವುದೋ ಪ್ಲಗಿನ್ (ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶಕ್ಕೆ ಸೌಲಭ್ಯ ಸೇರಿಸುವ ತುಣುಕು) ನಿಲ್ಲಿಸಿದೊಡನೆ ತೊಂದರೆ ಮಾಯವಾದರೆ ತಪ್ಪು ಅದರದ್ದೇ ಎಂದು ತೀರ್ಪು ಕೊಡುವ ಆತುರ ನಮ್ಮಲ್ಲಿ ಬಹಳ. ಅರ್ಧದಷ್ಟು ಸಂದರ್ಭಗಳಲ್ಲಿ ಆ ಪ್ಲಗಿನ್ ಬರೀ ಸಿಕ್ಕಿಬಿದ್ದದ್ದು. ಕೈಚಳಕ ಬೇರೆಯದರದ್ದು: ಬದಲಾದ ಪಿಎಚ್‌ಪಿ (ವರ್ಡ್‌ಪ್ರೆಸ್ ಬರೆದಿರುವ ಭಾಷೆ) ಆವೃತ್ತಿ, ತುಂಬಿದ ಮೆಮೊರಿ, ಹಳೆಯ ಕ್ಯಾಶ್ (ಬೇಗ ತೋರಿಸಲೆಂದು ಉಳಿಸಿಟ್ಟ ಪ್ರತಿ), ಇಲ್ಲವೇ ಪಕ್ಕದ ಇನ್ನೊಂದು ಪ್ಲಗಿನ್.

ಕೈಹಾಕುವ ಮೊದಲು

ಕೇಳಬೇಕಾದ ಪ್ರಶ್ನೆ ಒಂದೇ: ಕೊನೆಯ ಸಲ ಸರಿಯಿದ್ದಾಗಿನಿಂದ ಈವರೆಗೆ ಏನು ಬದಲಾಗಿದೆ? "ನಾವು ಏನೂ ಮುಟ್ಟಿಲ್ಲ" ಎಂಬ ಉತ್ತರ ಬರುವುದು ಖಚಿತ, ಅದು ಸುಳ್ಳೂ ಆಗಿರಬೇಕಿಲ್ಲ. 2020ರ ವರ್ಡ್‌ಪ್ರೆಸ್ 5.5 ಆವೃತ್ತಿಯಿಂದ ಪ್ಲಗಿನ್‌ಗಳು ತಾವಾಗಿಯೇ ನವೀಕರಣಗೊಳ್ಳುವ ಆಯ್ಕೆ ಇದೆ. ರಾತ್ರಿ ಎಲ್ಲರೂ ಮಲಗಿದ್ದಾಗ ತಾಣ ಬದಲಾಗಿರಬಹುದು. ಹೋಸ್ಟಿಂಗ್‌ನವರು ಪಿಎಚ್‌ಪಿ ಆವೃತ್ತಿಯನ್ನು ಏರಿಸಿರಬಹುದು. ಆ ಸೂಚನೆಯ ಮೇಲ್ ಗ್ರಾಹಕರ ಇನ್‌ಬಾಕ್ಸ್‌ನಲ್ಲಿ ಓದದೆ ಬಿದ್ದಿರುತ್ತದೆ.

ಎರಡನೆಯದು ಬ್ಯಾಕಪ್. ತಾಣ ಕೆಟ್ಟಿದ್ದರೂ ಕೆಟ್ಟ ಸ್ಥಿತಿಯದ್ದೇ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಡೇಟಾಬೇಸ್ ಮತ್ತು ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್ (ಪ್ಲಗಿನ್, ಥೀಮ್, ಚಿತ್ರಗಳಿರುವ ಜಾಗ) ಎರಡೂ ಬೇಕು. ಡ್ಯಾಶ್‌ಬೋರ್ಡ್ ತೆರೆಯುವ ಹಾಗಿದ್ದರೆ ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಬ್ಯಾಕಪ್ ಪ್ಲಗಿನ್ ಸಾಕು. ಇಲ್ಲದಿದ್ದರೆ ಹೋಸ್ಟಿಂಗ್‌ನ ನಿಯಂತ್ರಣ ಪುಟವಾದ ಸಿಪ್ಯಾನೆಲ್‌ನಲ್ಲಿ ಕಡತಗಳಿಗೆ ಫೈಲ್ ಮ್ಯಾನೇಜರ್ ಮತ್ತು ಡೇಟಾಬೇಸ್‌ಗೆ ಪಿಎಚ್‌ಪಿ‌ಮೈಅಡ್ಮಿನ್. ಪ್ರತಿಯನ್ನು ಅದೇ ಸರ್ವರ್‌ನಲ್ಲಿ ಬಿಟ್ಟರೆ ಉಪಯೋಗವಿಲ್ಲ, ನಿಮ್ಮ ಗಣಕಕ್ಕೆ ಇಳಿಸಿಕೊಳ್ಳಿ.

ಎಚ್ಚರಿಕೆ: ಅನುಮಾನ ಬಂದ ಪ್ಲಗಿನ್ ಅನ್ನು ನಿಷ್ಕ್ರಿಯಗೊಳಿಸಿ, ಅಳಿಸಬೇಡಿ. ನಿಷ್ಕ್ರಿಯಗೊಳಿಸಿದರೆ ಅದರ ದತ್ತಾಂಶ ಹಾಗೆಯೇ ಉಳಿಯುತ್ತದೆ. ಡ್ಯಾಶ್‌ಬೋರ್ಡ್‌ನಿಂದ ಅಳಿಸಿದರೆ ಅನೇಕ ಪ್ಲಗಿನ್‌ಗಳು ತಮ್ಮ ಕೋಷ್ಟಕಗಳನ್ನೂ ಅಳಿಸಿಕೊಂಡು ಹೋಗುತ್ತವೆ. ಒಂದು ಫಾರ್ಮ್ ಪ್ಲಗಿನ್ ಅಳಿಸಿದರೆ ವರ್ಷಗಟ್ಟಲೆಯ ವಿಚಾರಣೆಗಳು ಅದರ ಜೊತೆಯಲ್ಲೇ ಹೋಗಬಹುದು.

ಲಕ್ಷಣ: ಬಿಳಿ ಪುಟ, ಅಥವಾ "ಗಂಭೀರ ದೋಷ" ಎಂಬ ಒಂದೇ ಸಾಲು

ಮೊದಲು ಮೇಲ್ ನೋಡಿ. 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್ ಇಂಥ ದೋಷ ಕಂಡಾಗ ನಿರ್ವಾಹಕರ ವಿಳಾಸಕ್ಕೆ ಒಂದು ಮೇಲ್ ಕಳುಹಿಸುತ್ತದೆ. ಯಾವ ಪ್ಲಗಿನ್‌ನಲ್ಲಿ, ಯಾವ ಸಾಲಿನಲ್ಲಿ ಎಡವಿತು ಎಂಬುದೂ, ರಿಕವರಿ ಮೋಡ್‌ಗೆ ಹೋಗುವ ಕೊಂಡಿಯೂ ಅದರಲ್ಲಿ ಇರುತ್ತವೆ. ಕೊಂಡಿ ಒತ್ತಿ ಒಳಹೋದರೆ ಕೆಟ್ಟ ಪ್ಲಗಿನ್ ನಿಮ್ಮ ಮಟ್ಟಿಗೆ ತಡೆಹಿಡಿಯಲ್ಪಟ್ಟು ಡ್ಯಾಶ್‌ಬೋರ್ಡ್ ತೆರೆಯುತ್ತದೆ. ಇಷ್ಟು ಒಳ್ಳೆಯ ಸೌಕರ್ಯ ಬಹುಪಾಲು ವ್ಯರ್ಥವಾಗುವುದು ಒಂದೇ ಕಾರಣಕ್ಕೆ: ನಿರ್ವಾಹಕರ ವಿಳಾಸ ಹಿಂದಿನ ಡೆವಲಪರ್‌ನದ್ದಾಗಿರುತ್ತದೆ, ಇಲ್ಲವೇ ತಾಣದಿಂದ ಮೇಲ್ ಹೊರಹೋಗುವುದೇ ಇಲ್ಲ. ಹೊಸ ತಾಣವನ್ನು ಕೈಗೆ ತೆಗೆದುಕೊಂಡ ದಿನವೇ ಇವೆರಡನ್ನೂ ಸರಿಪಡಿಸಿಕೊಳ್ಳಿ. ಈ ಮೇಲ್ ಬೇರೆ ವಿಳಾಸಕ್ಕೆ ಬರಲಿ ಎನ್ನುವುದಾದರೆ ಅದಕ್ಕೆಂದೇ ಕಾನ್ಫಿಗ್ ಕಡತದಲ್ಲಿ (wp-config.php) ಒಂದು ಸಾಲು ಸೇರಿಸಬಹುದು.

ಮೇಲ್ ಸಿಗದಿದ್ದರೆ ಲಾಗ್, ಅಂದರೆ ದೋಷಗಳನ್ನು ಬರೆದಿಡುವ ಕಡತ, ಓದಬೇಕು. ಸಿಪ್ಯಾನೆಲ್‌ನಲ್ಲಿ ಎರರ್ಸ್ ಎಂಬ ಕಡೆ, ಅಥವಾ ತಾಣದ ಮೂಲ ಫೋಲ್ಡರ್‌ನಲ್ಲಿ ಎರರ್ ಲಾಗ್ ಕಡತ ಇರುತ್ತದೆ. ಇಲ್ಲವಾದರೆ ಕಾನ್ಫಿಗ್ ಕಡತದಲ್ಲಿ ಡಿಬಗ್ ಮತ್ತು ಡಿಬಗ್ ಲಾಗ್ ಎರಡನ್ನೂ ಆನ್ ಮಾಡಿ, ಡಿಬಗ್ ಡಿಸ್‌ಪ್ಲೇಯನ್ನು ಮಾತ್ರ ಆಫ್ ಮಾಡಿ. ಡಿಸ್‌ಪ್ಲೇ ಆನ್ ಬಿಟ್ಟರೆ ಸರ್ವರ್‌ನ ಒಳದಾರಿಗಳೆಲ್ಲ ಬಂದುಹೋಗುವವರ ಮುಂದೆ ಅಚ್ಚಾಗುತ್ತವೆ.

ಲಾಗ್‌ನಲ್ಲಿ "ಫೇಟಲ್" ಎಂದಿರುವ ಕೊನೆಯ ಸಾಲು ಹಿಡಿಯಿರಿ. "ವಾರ್ನಿಂಗ್", "ಡೆಪ್ರಿಕೇಟೆಡ್" ಎಂದಿರುವ ನೂರಾರು ಸಾಲುಗಳನ್ನು ಸದ್ಯಕ್ಕೆ ಬದಿಗಿಡಿ. ಅವುಗಳಿಂದ ತಾಣ ನಿಲ್ಲುವುದಿಲ್ಲ. ಫೇಟಲ್ ಸಾಲಿನಲ್ಲಿ ಪ್ಲಗಿನ್ಸ್ ಎಂಬ ಪದದ ನಂತರ ಬರುವ ಫೋಲ್ಡರ್ ಹೆಸರೇ ಪ್ಲಗಿನ್‌ನ ಗುರುತು. ಆದರೆ ಆ ಸಾಲಿನ ಉಳಿದ ಭಾಗ ಏನು ಹೇಳುತ್ತದೆ ಎನ್ನುವುದರ ಮೇಲೆ ಅರ್ಥ ಬೇರೆಬೇರೆ.

"ಮೆಮೊರಿ ಮುಗಿದಿದೆ" ಎಂಬ ಸಾಲಿನಲ್ಲಿ 134217728 ಎಂಬ ಸಂಖ್ಯೆ ಕಂಡರೆ ಅದು 128 ಎಂಬಿ ಮಿತಿ. ಇಲ್ಲಿ ಹೆಸರು ಬಂದ ಪ್ಲಗಿನ್ ಕೊನೆಯ ತುತ್ತು ಕೇಳಿದ್ದು ಮಾತ್ರ. ತಟ್ಟೆ ಖಾಲಿ ಮಾಡಿದವರು ಬೇರೆ ಇರಬಹುದು. ಮಿತಿಯನ್ನು 256 ಎಂಬಿಗೆ ಏರಿಸಿ ತಾಣ ತೆರೆಯುತ್ತದೆಯೇ ನೋಡಿ, ತೆರೆದ ಮೇಲೆ ಕ್ವೆರಿ ಮಾನಿಟರ್ ಎಂಬ ಪ್ಲಗಿನ್ ಹಾಕಿ ಯಾವ ಪುಟ ಎಷ್ಟು ತಿನ್ನುತ್ತದೆ ಎಂದು ಅಳೆಯಿರಿ. 512ಕ್ಕೆ ಏರಿಸಿದರೂ ಅದೇ ಸಾಲು ಬಂದರೆ ಎಲ್ಲೋ ಕೊನೆಯಿಲ್ಲದ ಸುತ್ತು ನಡೆದಿದೆ. ಇನ್ನೂ ಏರಿಸುವುದರಲ್ಲಿ ಅರ್ಥವಿಲ್ಲ.

"ಇಂಥ ಫಂಕ್ಷನ್ ಇಲ್ಲ" ಎಂದಿದ್ದರೆ ಎರಡು ಸಾಧ್ಯತೆ. ಆ ಫಂಕ್ಷನ್ ಪಿಎಚ್‌ಪಿಯದ್ದೇ ಆಗಿದ್ದರೆ, ಉದಾಹರಣೆಗೆ ಈಚ್ ಅಥವಾ ಕ್ರಿಯೇಟ್ ಫಂಕ್ಷನ್, ಸರ್ವರ್ 8.0 ಅಥವಾ ಅದಕ್ಕೂ ಮೇಲಿನ ಆವೃತ್ತಿಗೆ ಹೋಗಿದೆ ಎಂದು ಅರ್ಥ, ಅವೆರಡನ್ನೂ 8.0ರಲ್ಲಿ ತೆಗೆದುಹಾಕಲಾಗಿದೆ. ಸಿಪ್ಯಾನೆಲ್‌ನಲ್ಲಿ ತಾತ್ಕಾಲಿಕವಾಗಿ 7.4ಕ್ಕೆ ಇಳಿಸಿದರೆ ತಾಣ ಏಳುತ್ತದೆ. ಅಲ್ಲಿಯೇ ಬಿಡುವಂತಿಲ್ಲ: 7.4ಕ್ಕೆ ಭದ್ರತಾ ತೇಪೆಗಳು 2022ರ ನವೆಂಬರ್‌ಗೆ ನಿಂತಿವೆ. ಬದಲಿ ಪ್ಲಗಿನ್ ಹುಡುಕುವಷ್ಟು ದಿನ ಉಸಿರಾಡಲು ಮಾತ್ರ ಅದು. ಫಂಕ್ಷನ್ ಹೆಸರು ಇನ್ನೊಂದು ಪ್ಲಗಿನ್‌ನದ್ದಾಗಿದ್ದರೆ ತಾಯಿ ಪ್ಲಗಿನ್ ನಿಂತಿದೆ, ಮರಿ ಪ್ಲಗಿನ್ ಓಡುತ್ತಿದೆ. ವೂಕಾಮರ್ಸ್ ಎಂಬ ಅಂಗಡಿ ಪ್ಲಗಿನ್ ನಿಲ್ಲಿಸಿ ಅದರ ಉಪಾಂಗಗಳನ್ನು ಹಾಗೆಯೇ ಬಿಟ್ಟವರಿಗೆ ಇದು ಪರಿಚಿತ.

ಡ್ಯಾಶ್‌ಬೋರ್ಡ್ ತೆರೆಯದಿದ್ದರೆ ಡಬ್ಲ್ಯೂಪಿ-ಕಂಟೆಂಟ್ ಒಳಗೆ ಆ ಒಂದು ಪ್ಲಗಿನ್‌ನ ಫೋಲ್ಡರ್ ಹೆಸರನ್ನು ಬದಲಿಸಿ. ಯಾವುದೆಂದು ಗೊತ್ತಿಲ್ಲದಿದ್ದರೆ ಪ್ಲಗಿನ್ಸ್ ಫೋಲ್ಡರ್‌ನದ್ದೇ ಹೆಸರು ಬದಲಿಸಿ. ಎಲ್ಲವೂ ನಿಂತರೂ ಬಿಳಿ ಪುಟ ಹೋಗದಿದ್ದರೆ ಎರಡು ಕಡೆ ನೋಡಬೇಕು. ಎಂಯು-ಪ್ಲಗಿನ್ಸ್ ಫೋಲ್ಡರ್ (ಸದಾ ಚಾಲೂ ಇರುವ ಪ್ಲಗಿನ್‌ಗಳ ಜಾಗ) ಬೇರೆಯೇ ಇರುವುದರಿಂದ ಅದು ಈ ಉಪಾಯಕ್ಕೆ ಜಗ್ಗುವುದಿಲ್ಲ. ಹಾಗೆಯೇ ಆಬ್ಜೆಕ್ಟ್ ಕ್ಯಾಶ್, ಅಡ್ವಾನ್ಸ್ಡ್ ಕ್ಯಾಶ್ ಎಂಬ ಹೆಸರಿನ ಬಿಡಿ ಕಡತಗಳನ್ನು ಕ್ಯಾಶಿಂಗ್ ಪ್ಲಗಿನ್‌ಗಳು ಹೊರಗೆ ಇಟ್ಟುಹೋಗಿರುತ್ತವೆ. ಪ್ಲಗಿನ್ ಹೋದ ಮೇಲೂ ಅವು ಉಳಿದು ಕಾಡುತ್ತವೆ.

ಇಷ್ಟಾದರೂ ಆಗದಿದ್ದರೆ ಥೀಮ್. ಅದೂ ಅಲ್ಲದಿದ್ದರೆ ನಿಲ್ಲಿಸಿ ಹೋಸ್ಟಿಂಗ್‌ನವರಿಗೆ ಬರೆಯಿರಿ. ಪುಟದಲ್ಲಿ 508 ಎಂಬ ಸಂಖ್ಯೆ ಕಂಡಿದ್ದರೆ ಮಾತ್ರ ಮೊದಲೇ ಬರೆಯಬಹುದು: ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಅದು ನಿಮ್ಮ ಪಾಲಿನ ಸಂಪನ್ಮೂಲ ಮುಗಿದಿದೆ ಎಂಬ ಸೂಚನೆ.

ಲಕ್ಷಣ: "ನಿರ್ವಹಣೆ ನಡೆದಿದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ" ಎಂದೇ ನಿಂತಿದೆ

ನವೀಕರಣ ಅರ್ಧಕ್ಕೆ ನಿಂತಿದೆ. ತಾಣದ ಮೂಲ ಫೋಲ್ಡರ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಮೇಂಟೆನೆನ್ಸ್ ಎಂಬ ಕಡತವಿದೆ. ಅಡಗಿದ ಕಡತಗಳನ್ನು ತೋರಿಸುವ ಆಯ್ಕೆ ಆನ್ ಮಾಡಿ ಅಳಿಸಿ. ಹತ್ತು ನಿಮಿಷ ಕಳೆದರೆ ವರ್ಡ್‌ಪ್ರೆಸ್ ತಾನಾಗಿಯೇ ಆ ಕಡತವನ್ನು ಲೆಕ್ಕಕ್ಕಿಡುವುದಿಲ್ಲ. ಅದಾದ ಮೇಲೂ ಸಂದೇಶ ಹೋಗದಿದ್ದರೆ ನೀವು ನೋಡುತ್ತಿರುವುದು ಕ್ಯಾಶ್‌ನಲ್ಲಿ ಉಳಿದ ಹಳೆಯ ಪುಟ. ಅರ್ಧಕ್ಕೆ ನಿಂತ ಪ್ಲಗಿನ್ ಅನ್ನು ಹೊಸದಾಗಿ ಒಮ್ಮೆ ಅನುಸ್ಥಾಪಿಸಿ.

ಲಕ್ಷಣ: ಲಾಗಿನ್ ಪುಟಕ್ಕೇ ಹೋಗಲಾಗುತ್ತಿಲ್ಲ

ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ತೆರೆಯಿರಿ. ತೆರೆದರೆ ಭದ್ರತಾ ಪ್ಲಗಿನ್ ನಿಮ್ಮ ಐಪಿ ವಿಳಾಸವನ್ನು ತಡೆದಿದೆ. ನಮ್ಮಲ್ಲಿ ಮೊಬೈಲ್ ಜಾಲಗಳು ಒಂದೇ ಐಪಿಯನ್ನು ಅನೇಕ ಚಂದಾದಾರರಿಗೆ ಹಂಚುವುದರಿಂದ ಯಾರೋ ಮಾಡಿದ ತಪ್ಪಿಗೆ ಇನ್ನಾರೋ ಹೊರಗುಳಿಯುವುದು ಉಂಟು. ಲಾಗಿನ್ ವಿಳಾಸವನ್ನೇ ಬದಲಿಸುವ ಪ್ಲಗಿನ್ ಇದ್ದರೆ 404 (ಪುಟ ಸಿಗಲಿಲ್ಲ) ಬರುತ್ತದೆ. ಹೊಸ ವಿಳಾಸ ಎಲ್ಲೂ ಬರೆದಿಟ್ಟಿರುವುದಿಲ್ಲ ಎನ್ನುವುದನ್ನು ಬೇರೆ ಹೇಳಬೇಕಿಲ್ಲ. ಎರಡಕ್ಕೂ ಮದ್ದು ಒಂದೇ: ಆ ಪ್ಲಗಿನ್ ಫೋಲ್ಡರ್‌ನ ಹೆಸರು ಬದಲಿಸಿ, ಒಳಹೋಗಿ, ಮತ್ತೆ ಸರಿಪಡಿಸಿ. ಒಂದೇ ತಾಣದಲ್ಲಿ ಎರಡು ಭದ್ರತಾ ಪ್ಲಗಿನ್ ಇಟ್ಟುಕೊಂಡವರು ಎರಡು ಪಟ್ಟು ಸುರಕ್ಷಿತರಲ್ಲ, ಎರಡು ಪಟ್ಟು ಹೊರಗುಳಿಯುತ್ತಾರೆ.

ಲಕ್ಷಣ: ತಾಣ ತೆರೆಯುತ್ತದೆ, ಒಂದು ಭಾಗ ಮಾತ್ರ ಕೆಲಸ ಮಾಡುವುದಿಲ್ಲ

ಮೆನು ತೆರೆಯುವುದಿಲ್ಲ, ಸ್ಲೈಡರ್ ನಿಂತಿದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ. ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ, ಇನ್ನೊಂದು ಮೊಬೈಲ್‌ನಲ್ಲಿ ನೋಡಿ. ಅಲ್ಲಿ ಸರಿಯಿದ್ದರೆ ಬ್ರೌಸರ್ ಕ್ಯಾಶ್. ಲಾಗಿನ್ ಆದವರಿಗೆ ಸರಿಯಾಗಿ ಕಂಡು, ಆಗದವರಿಗೆ ಕೆಟ್ಟು ಕಂಡರೆ ಕ್ಯಾಶಿಂಗ್ ಪ್ಲಗಿನ್. ಕಾರಣ, ಹೆಚ್ಚಿನ ಕ್ಯಾಶಿಂಗ್ ಪ್ಲಗಿನ್‌ಗಳು ಲಾಗಿನ್ ಆದವರಿಗೆ ಹೊಸ ಪುಟವನ್ನೇ ಕೊಡುತ್ತವೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ "ನನಗೆ ಸರಿಯಾಗಿಯೇ ಕಾಣುತ್ತಿದೆಯಲ್ಲ" ಎಂದು ಗ್ರಾಹಕರ ಜೊತೆ ವಾದಕ್ಕಿಳಿಯುವವರು ಬಹಳ.

ಆಮೇಲೆ ಎಫ್12 ಒತ್ತಿ ಬ್ರೌಸರ್‌ನ ದೋಷ ತೋರಿಸುವ ಕನ್ಸೋಲ್ ನೋಡಿ. ಕೆಂಪು ಸಾಲುಗಳಲ್ಲಿ ಮೊದಲನೆಯದು ಮುಖ್ಯ; ಉಳಿದವು ಅದರ ಬೆನ್ನಿಗೆ ಬಂದವು. "ಜೆಕ್ವೆರಿ ವ್ಯಾಖ್ಯಾನಿಸಿಲ್ಲ" ಎಂದಿದ್ದರೆ (ಜೆಕ್ವೆರಿ ಅನೇಕ ಪ್ಲಗಿನ್‌ಗಳು ನೆಚ್ಚಿಕೊಂಡ ಜಾವಾಸ್ಕ್ರಿಪ್ಟ್ ಲೈಬ್ರರಿ) ವೇಗ ಹೆಚ್ಚಿಸುವ ಪ್ಲಗಿನ್ ಸ್ಕ್ರಿಪ್ಟ್‌ಗಳನ್ನು ತಡವಾಗಿ ಲೋಡ್ ಮಾಡುವ ಭರದಲ್ಲಿ ಕ್ರಮ ಕೆಡಿಸಿದೆ. ಆ ಆಯ್ಕೆಯಿಂದ ಜೆಕ್ವೆರಿಯನ್ನು ಹೊರಗಿಡಿ. ಸಿಎಸ್ಎಸ್ ಕಡತಕ್ಕೆ 404 ಬಂದರೆ ಪುಟ ಹಳೆಯದು, ಕಡತ ಹೊಸದು; ಕ್ಯಾಶ್ ಖಾಲಿ ಮಾಡಿ. ವರ್ಷಗಟ್ಟಲೆ ಮುಟ್ಟದ ತಾಣವನ್ನು ಒಮ್ಮೆಲೇ ನವೀಕರಿಸಿದಾಗ ಹಳೆಯ ಸ್ಲೈಡರ್‌ಗಳು ಸಾಯಲು ಇನ್ನೊಂದು ಕಾರಣವಿದೆ: 2020ರಲ್ಲಿ ವರ್ಡ್‌ಪ್ರೆಸ್ 5.5 ಜೆಕ್ವೆರಿ ಮೈಗ್ರೇಟ್ ಎಂಬ ಊರುಗೋಲನ್ನು ನಿಲ್ಲಿಸಿತು, ವರ್ಷಾಂತ್ಯದ 5.6 ಜೆಕ್ವೆರಿಯನ್ನೇ ಬದಲಿಸಿತು.

ಕನ್ಸೋಲ್ ಏನೂ ಹೇಳದಿದ್ದರೆ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುವ ಪರಂಪರೆ ಇದೆ. ಸಂಜೆಯಾಗುತ್ತದೆ. ಅರ್ಧಕ್ಕರ್ಧ ನಿಲ್ಲಿಸಿ: 32 ಪ್ಲಗಿನ್ ಇದ್ದರೆ 16 ನಿಲ್ಲಿಸಿ ನೋಡಿ, ದೋಷ ಉಳಿದ ಕಡೆಯ ಅರ್ಧ, ಮತ್ತೆ ಅರ್ಧ. ಐದನೆಯ ಸುತ್ತಿಗೆ ಒಂದೇ ಉಳಿಯುತ್ತದೆ. ಯಾವ ಅರ್ಧವನ್ನು ನಿಲ್ಲಿಸಿದರೂ ದೋಷ ಹೋದರೆ ಒಂದು ಪ್ಲಗಿನ್ ಅಲ್ಲ, ಎರಡು ಪ್ಲಗಿನ್‌ಗಳ ಜಗಳ. ಒಂದು ಈ ಕಡೆ, ಒಂದು ಆ ಕಡೆ ಇದೆ. ಆಗ ಒಂದು ಅರ್ಧವನ್ನು ಪೂರ್ತಿ ಚಾಲೂ ಇಟ್ಟು ಇನ್ನೊಂದನ್ನು ಮಾತ್ರ ಸೀಳುತ್ತಾ ಹೋಗಬೇಕು.

ಇದನ್ನೆಲ್ಲ ನಡೆಯುತ್ತಿರುವ ತಾಣದ ಮೇಲೆ ಮಾಡುವಂತಿಲ್ಲ. ಹೆಲ್ತ್ ಚೆಕ್ ಅಂಡ್ ಟ್ರಬಲ್‌ಶೂಟಿಂಗ್ ಎಂಬ ಉಚಿತ ಪ್ಲಗಿನ್ ಹಾಕಿ ಅದರ ಟ್ರಬಲ್‌ಶೂಟಿಂಗ್ ಮೋಡ್‌ಗೆ ಹೋದರೆ ನಿಮ್ಮ ಲಾಗಿನ್‌ಗೆ ಮಾತ್ರ ಎಲ್ಲ ಪ್ಲಗಿನ್‌ಗಳು ನಿಲ್ಲುತ್ತವೆ, ಬಂದುಹೋಗುವವರಿಗೆ ತಾಣ ಎಂದಿನಂತೆಯೇ ಇರುತ್ತದೆ. ಫ್ರೀಲ್ಯಾನ್ಸ್ ಕೆಲಸಕ್ಕೆ ಒಂದೇ ಪ್ಲಗಿನ್ ಆರಿಸಿಕೋ ಎಂದರೆ ನಾನು ಆರಿಸುವುದು ಇದನ್ನೇ. ಸ್ಟೇಜಿಂಗ್ ಪ್ರತಿ (ಪರೀಕ್ಷೆಗೆಂದು ತಾಣದ ನಕಲು) ಮಾಡಿಕೊಂಡರೂ ಆದೀತು. ಆದರೆ ಅಂಗಡಿ ತಾಣದ ಸ್ಟೇಜಿಂಗ್ ಪ್ರತಿಯಲ್ಲಿ ನಿಜವಾದ ಗ್ರಾಹಕರ ವಿಳಾಸಗಳಿರುತ್ತವೆ. ಮೇಲ್ ಹೊರಹೋಗುವುದನ್ನೂ ಪಾವತಿ ಕೀಲಿಗಳನ್ನೂ ಮೊದಲು ಕಡಿದುಹಾಕಿ.

ಲಕ್ಷಣ: ಫಾರ್ಮ್ ತುಂಬಿದರೆ "ಧನ್ಯವಾದ" ಎನ್ನುತ್ತದೆ, ಮೇಲ್ ಬರುವುದಿಲ್ಲ

ಎಲ್ಲಕ್ಕಿಂತ ನಷ್ಟ ತರುವ ದೋಷ ಇದು, ಏಕೆಂದರೆ ಸದ್ದೇ ಮಾಡುವುದಿಲ್ಲ. ಹಸಿರು ಅಕ್ಷರದ ಧನ್ಯವಾದಕ್ಕೆ ಇರುವ ಅರ್ಥ ಇಷ್ಟೇ: ಪ್ಲಗಿನ್ ಪತ್ರವನ್ನು ಸರ್ವರ್ ಕೈಗೆ ಕೊಟ್ಟಿದೆ. ಮುಂದೆ ತಲುಪಿತೋ ಇಲ್ಲವೋ ಅದಕ್ಕೆ ತಿಳಿಯದು.

ಸ್ಪ್ಯಾಮ್ ಫೋಲ್ಡರ್ ನೋಡಿ. ಫಾರ್ಮ್‌ನಲ್ಲಿ ಸ್ವೀಕರಿಸುವವರ ವಿಳಾಸ ಸರಿಯಿದೆಯೇ ನೋಡಿ. ಕೆಲಸ ಬಿಟ್ಟುಹೋದ ಸಿಬ್ಬಂದಿಯ ವಿಳಾಸ ಅಲ್ಲಿ ಉಳಿದಿರುವುದು ಸಾಮಾನ್ಯ. ಆಮೇಲೆ "ಇಂಥವರಿಂದ" ಎಂಬ ಜಾಗ. ಫಾರ್ಮ್ ತುಂಬಿದವರ ವಿಳಾಸವನ್ನೇ ಅಲ್ಲಿ ಹಾಕಿದ್ದರೆ ನಿಮ್ಮ ಸರ್ವರ್ ಇನ್ನೊಬ್ಬರ ಹೆಸರಿನಲ್ಲಿ ಪತ್ರ ಬರೆದಂತಾಗುತ್ತದೆ, ಮೇಲ್ ಸೇವೆಗಳು ಒಪ್ಪುವುದಿಲ್ಲ. ಅಲ್ಲಿ ತಾಣದ ಡೊಮೇನ್‌ನದ್ದೇ ವಿಳಾಸ ಇರಲಿ, ತುಂಬಿದವರ ವಿಳಾಸ ರಿಪ್ಲೈ-ಟು ಜಾಗಕ್ಕೆ ಹೋಗಲಿ.

ಮುಂದಿನ ಪರೀಕ್ಷೆಗೆ ಎರಡು ಮೇಲ್ ಕಳುಹಿಸಿ: ಒಂದು ನಿಮ್ಮ ಜಿಮೇಲ್‌ಗೆ, ಒಂದು ಗ್ರಾಹಕರ ಡೊಮೇನ್ ವಿಳಾಸಕ್ಕೆ. ಜಿಮೇಲ್‌ಗೆ ಬಂದು ಡೊಮೇನ್ ವಿಳಾಸಕ್ಕೆ ಬಾರದಿದ್ದರೆ ಪ್ಲಗಿನ್ ಅನ್ನು ಬೈಯಬೇಡಿ. ಗ್ರಾಹಕರ ಮೇಲ್ ಗೂಗಲ್ ವರ್ಕ್‌ಸ್ಪೇಸ್‌ನಂಥ ಕಡೆ ಇದೆ, ಆದರೆ ಹೋಸ್ಟಿಂಗ್ ಸರ್ವರ್ ಆ ಡೊಮೇನ್‌ನ ಅಂಚೆಪೆಟ್ಟಿಗೆ ತನ್ನಲ್ಲೇ ಇದೆ ಎಂದುಕೊಂಡು ಪತ್ರವನ್ನು ಒಳಗೇ ಇಟ್ಟುಕೊಳ್ಳುತ್ತಿದೆ. ಸಿಪ್ಯಾನೆಲ್‌ನ ಇಮೇಲ್ ರೂಟಿಂಗ್‌ನಲ್ಲಿ ಲೋಕಲ್ ಎಂದಿರುವುದನ್ನು ರಿಮೋಟ್ ಎಂದು ಬದಲಿಸಿದರೆ ಮುಗಿಯಿತು. ಎಸ್‌ಎಂಟಿಪಿ (ಮೇಲ್ ಖಾತೆಯ ಸರ್ವರ್ ಮೂಲಕ ಕಳುಹಿಸುವ) ಪ್ಲಗಿನ್‌ಗಳನ್ನು ಬದಲಿಸುತ್ತಾ ದಿನಗಟ್ಟಲೆ ಕೂತವರು ನೋಡದೇ ಬಿಟ್ಟ ಜಾಗ ಇದು.

ಎರಡೂ ಕಡೆ ಬಾರದಿದ್ದರೆ ಡಬ್ಲ್ಯೂಪಿ ಮೇಲ್ ಎಸ್‌ಎಂಟಿಪಿಯಂಥ ಪ್ಲಗಿನ್ ಹಾಕಿ, ಅಧಿಕೃತ ಖಾತೆಯ ಮೂಲಕ ಕಳುಹಿಸಿ, ಪರೀಕ್ಷಾ ಮೇಲ್‌ನ ಉತ್ತರ ಓದಿ. ಸಂಪರ್ಕವೇ ಆಗುತ್ತಿಲ್ಲ ಎಂದರೆ ಹೋಸ್ಟಿಂಗ್‌ನವರು 587ನೆಯ ಪೋರ್ಟ್ ಮುಚ್ಚಿರಬಹುದು, ಅವರನ್ನೇ ಕೇಳಿ. ಗುರುತು ಒಪ್ಪುತ್ತಿಲ್ಲ ಎಂದರೆ ಪಾಸ್‌ವರ್ಡ್ ನೋಡಿ: ಜಿಮೇಲ್ ಖಾತೆಗೆ ಮಾಮೂಲು ಪಾಸ್‌ವರ್ಡ್ ನಡೆಯದು, ಎರಡು ಹಂತದ ಪರಿಶೀಲನೆ ಆನ್ ಮಾಡಿ ಆಪ್ ಪಾಸ್‌ವರ್ಡ್ ಪಡೆಯಬೇಕು. ಕಳುಹಿಸಿದೆ ಎಂದರೂ ಸ್ಪ್ಯಾಮ್‌ಗೆ ಹೋಗುತ್ತಿದ್ದರೆ ಡಿಎನ್‌ಎಸ್ ದಾಖಲೆಗಳನ್ನು (ಡೊಮೇನ್‌ನ ವಿಳಾಸ ಪಟ್ಟಿ) ನೋಡಿ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಪತ್ರ ಕಳುಹಿಸುವ ಪ್ರತಿಯೊಂದು ಡೊಮೇನ್‌ಗೂ ಎಸ್‌ಪಿಎಫ್ ಅಥವಾ ಡಿಕೆಐಎಂ (ಪತ್ರ ಆ ಡೊಮೇನ್‌ನದ್ದೇ ಎಂದು ತೋರಿಸುವ ದಾಖಲೆ) ಇರಬೇಕೆಂದು ಕೇಳುತ್ತಿದೆ. ಒಂದು ಡೊಮೇನ್‌ಗೆ ಎರಡು ಎಸ್‌ಪಿಎಫ್ ದಾಖಲೆಗಳಿದ್ದರೆ ಎರಡೂ ರದ್ದಾದಂತೆ. ಎರಡನ್ನೂ ಒಂದೇ ಸಾಲಿಗೆ ಸೇರಿಸಬೇಕು.

ಡಿಎನ್‌ಎಸ್ ಮುಟ್ಟುವ ಮೊದಲು ಈಗಿರುವ ದಾಖಲೆಗಳ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಮೇಲ್ ಎಲ್ಲಿಗೆ ಬರಬೇಕೆಂದು ಹೇಳುವ ಎಂಎಕ್ಸ್ ದಾಖಲೆ ಅಪ್ಪಿತಪ್ಪಿ ಬದಲಾದರೆ ಇಡೀ ಕಚೇರಿಗೆ ಬರುವ ಮೇಲ್ ನಿಲ್ಲುತ್ತದೆ.

ಲಕ್ಷಣ: ಹಣ ಕಡಿತವಾಗಿದೆ, ಆರ್ಡರ್ ಬಾಕಿ ಎಂದೇ ಇದೆ

ಮೊದಲ ಕೆಲಸ ತಾಂತ್ರಿಕವಲ್ಲ. ಕೊಂಡವರಿಗೆ "ಇನ್ನೊಮ್ಮೆ ಪಾವತಿಸಿ" ಎಂದು ಯಾರೂ ಹೇಳದಂತೆ ಅಂಗಡಿಯವರಿಗೆ ತಿಳಿಸಿ.

ಯುಪಿಐ ಪಾವತಿಯಲ್ಲಿ ಏನಾಗುತ್ತದೆ ನೋಡಿ. ಕೊಳ್ಳುವವರು ತಾಣದಿಂದ ಫೋನ್‌ನ ಪಾವತಿ ಆಪ್‌ಗೆ ಹೋಗುತ್ತಾರೆ, ಪಿನ್ ಒತ್ತುತ್ತಾರೆ, ಟಿಕ್ ಗುರುತು ಕಂಡೊಡನೆ ಫೋನ್ ಜೇಬಿಗಿಡುತ್ತಾರೆ. ಬ್ರೌಸರ್‌ಗೆ ಮರಳಿ ಬರುವುದೇ ಇಲ್ಲ. ಆಗ ಹಣ ಬಂದ ಸುದ್ದಿಯನ್ನು ತಾಣಕ್ಕೆ ಮುಟ್ಟಿಸುವ ದಾರಿ ವೆಬ್‌ಹುಕ್ ಒಂದೇ: ಪಾವತಿ ಗೇಟ್‌ವೇ ನೇರವಾಗಿ ನಿಮ್ಮ ಸರ್ವರ್‌ಗೆ ಕಳುಹಿಸುವ ಸಂದೇಶ. ಅದು ಬಾಗಿಲಲ್ಲೇ ನಿಂತರೆ ಆರ್ಡರ್ ಬಾಕಿ ಉಳಿಯುತ್ತದೆ.

ಗೇಟ್‌ವೇಯ ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಸಂಗತಿ ನೋಡಿ. ಹಣ ಪೂರ್ತಿ ಸ್ವೀಕೃತವಾಗಿದೆಯೇ, ಅನುಮತಿ ಮಾತ್ರ ಸಿಕ್ಕಿದೆಯೇ? ಆಮೇಲೆ ವೆಬ್‌ಹುಕ್ ಲಾಗ್‌ನಲ್ಲಿ ನಿಮ್ಮ ತಾಣ ಕೊಟ್ಟ ಉತ್ತರದ ಸಂಖ್ಯೆ. 403 ಎಂದರೆ ಭದ್ರತಾ ಪ್ಲಗಿನ್ ಅಥವಾ ಫೈರ್‌ವಾಲ್ ಸಂದೇಶವನ್ನು ದಾಳಿ ಎಂದು ಭಾವಿಸಿದೆ. ಆ ವಿಳಾಸಕ್ಕೆ ವಿನಾಯಿತಿ ಕೊಡಿ. 301 ಎಂದರೆ ವೆಬ್‌ಹುಕ್ ವಿಳಾಸದಲ್ಲಿ ಮೂರು ಡಬ್ಲ್ಯೂ ಇದೆ, ತಾಣ ಅದಿಲ್ಲದ ವಿಳಾಸಕ್ಕೆ ತಿರುಗಿಸುತ್ತಿದೆ, ಅಥವಾ ಅದಲುಬದಲು. ದಾರಿಯಲ್ಲಿ ಸಂದೇಶದ ಒಡಲು ಕಳೆದುಹೋಗುತ್ತದೆ. 404ಕ್ಕೆ ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ (ಪುಟಗಳ ವಿಳಾಸ ಮಾದರಿ) ಪುಟಕ್ಕೆ ಹೋಗಿ ಏನನ್ನೂ ಬದಲಿಸದೆ ಉಳಿಸುವ ಬಟನ್ ಒತ್ತಿ. 500ಕ್ಕೆ ಲಾಗ್. 200 ಬಂದೂ ಆರ್ಡರ್ ಬದಲಾಗದಿದ್ದರೆ ರಹಸ್ಯ ಕೀಲಿ ಹೊಂದದಿರಬಹುದು. ವೂಕಾಮರ್ಸ್‌ನ ಸ್ಟೇಟಸ್ ಪುಟದ ಲಾಗ್‌ಗಳಲ್ಲಿ ಗೇಟ್‌ವೇ ಹೆಸರಿನ ಕಡತ ತೆರೆಯಿರಿ.

ಆರ್ಡರ್ ಬಾಕಿಯಿಂದ ನೇರ "ರದ್ದು" ಆಗಿದೆಯೇ? ವೂಕಾಮರ್ಸ್ ದಾಸ್ತಾನು ನಿರ್ವಹಣೆಯಲ್ಲಿ ಪಾವತಿಯಾಗದ ಆರ್ಡರ್‌ಗೆ ಸರಕು ಹಿಡಿದಿಡುವ ಅವಧಿ ಮೂಲತಃ 60 ನಿಮಿಷ. ಅದು ಕಳೆದ ಮೇಲೆ ತಾನೇ ರದ್ದು ಮಾಡುತ್ತದೆ. ಹಣ ಬಂದಿದೆ, ಸರಕು ಮಾತ್ರ ಮತ್ತೆ ಮಾರಾಟಕ್ಕೆ ಹೋಗಿದೆ. ಮೂಲ ಸರಿಯಾಗುವ ತನಕ ಈ ಅವಧಿ ಹೆಚ್ಚಿಸಿ.

ನಿಲ್ಲಿಸಬೇಕಾದ ಜಾಗ: ಒಬ್ಬರ ಬುಟ್ಟಿ ಅಥವಾ ವಿಳಾಸ ಇನ್ನೊಬ್ಬರಿಗೆ ಕಂಡಿತು ಎಂದು ದೂರು ಬಂದರೆ ತಾಣವನ್ನು ಆ ಕ್ಷಣವೇ ನಿರ್ವಹಣಾ ಸ್ಥಿತಿಗೆ ಹಾಕಿ. ಕಾರ್ಟ್, ಚೆಕ್‌ಔಟ್, ನನ್ನ ಖಾತೆ ಪುಟಗಳು ಕ್ಯಾಶ್ ಆಗಿವೆ. ಇನ್ನೊಂದು: ಪರೀಕ್ಷೆಗೆಂದು ಕಾರ್ಡ್ ಸಂಖ್ಯೆಗಳನ್ನು ಲಾಗ್‌ಗೆ ಬರೆಯಿಸಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಕಾರ್ಡ್ ವಿವರ ಇಟ್ಟುಕೊಳ್ಳುವಂತಿಲ್ಲ. ಗೇಟ್‌ವೇಯ ಟೆಸ್ಟ್ ಮೋಡ್ ಇರುವುದೇ ಇಂಥ ಕೆಲಸಕ್ಕೆ.

ಲಕ್ಷಣ: ತಾಣ ನಿಧಾನ

ಚಿತ್ರಗಳು ತಡವಾಗಿ ಬರುತ್ತವೆಯೋ, ಪುಟವೇ ತಡವಾಗಿ ಶುರುವಾಗುತ್ತದೆಯೋ? ಮೊದಲನೆಯದಾದರೆ ಫೋನ್‌ನಿಂದ ಹಾಗೆಯೇ ಏರಿಸಿದ ದೊಡ್ಡ ಚಿತ್ರಗಳು. ಎರಡನೆಯದಾದರೆ ಕ್ವೆರಿ ಮಾನಿಟರ್ ಹಾಕಿ. ಯಾವ ಪ್ಲಗಿನ್ ಡೇಟಾಬೇಸ್‌ಗೆ ಎಷ್ಟು ಪ್ರಶ್ನೆ ಕೇಳಿತು, ಎಷ್ಟು ಹೊತ್ತು ಹಿಡಿಯಿತು ಎಂದು ಹೆಸರು ಸಮೇತ ತೋರಿಸುತ್ತದೆ. ಪ್ರತಿ ಪುಟವೂ ಐದು ಸೆಕೆಂಡಿಗಿಂತ ಚೂರು ಹೆಚ್ಚು ಹಿಡಿದರೆ ಹೊರಗಿನ ಸೇವೆಯ ಕರೆಗಳನ್ನು ನೋಡಿ. ವರ್ಡ್‌ಪ್ರೆಸ್ ಹೊರಗಿನ ಉತ್ತರಕ್ಕೆ ಮೂಲತಃ ಕಾಯುವುದು ಐದು ಸೆಕೆಂಡ್. ಯಾವುದೋ ಪ್ಲಗಿನ್ ಸತ್ತುಹೋದ ಸೇವೆಯೊಂದನ್ನು ಪ್ರತಿ ಪುಟಕ್ಕೂ ಕರೆದು ಕಾಯುತ್ತಿದೆ. ಡ್ಯಾಶ್‌ಬೋರ್ಡ್‌ನ ಸೈಟ್ ಹೆಲ್ತ್ ಪುಟ ಆಟೊಲೋಡ್ (ಪ್ರತಿ ಪುಟಕ್ಕೂ ತಾನಾಗಿ ಓದುವ) ದತ್ತಾಂಶ ಹೆಚ್ಚಾಗಿದೆ ಎಂದು ಹೇಳಿದರೆ, ಎಂದೋ ಕಿತ್ತುಹಾಕಿದ ಪ್ಲಗಿನ್‌ಗಳ ಕಸ ಪ್ರತಿ ಪುಟಕ್ಕೂ ಹೊತ್ತುಬರುತ್ತಿದೆ. ಅದು ಕೂರುವ ಆಪ್ಷನ್ಸ್ ಕೋಷ್ಟಕವನ್ನು ಬ್ಯಾಕಪ್ ಇಲ್ಲದೆ ಗುಡಿಸಲು ಹೋಗಬೇಡಿ. ಇದಾವುದನ್ನೂ ನೋಡದೆ ಎರಡನೆಯ ಕ್ಯಾಶಿಂಗ್ ಪ್ಲಗಿನ್ ಹಾಕುವುದು ರೋಗವನ್ನು ಮುಚ್ಚಿಡುವುದು ಮಾತ್ರ.

ಲಕ್ಷಣ: ಕನ್ನಡ ಅಕ್ಷರ ಕೆಟ್ಟಿದೆ

ಕನ್ನಡ ತಾಣ ಮಾಡುವವರಿಗೆ ಮಾತ್ರ ಬರುವ ತಲೆನೋವು ಇದು, ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವುದು ಅಪರೂಪ. ಅಕ್ಷರ ಹೇಗೆ ಕೆಟ್ಟಿದೆ ಎನ್ನುವುದರಲ್ಲೇ ಉತ್ತರವಿದೆ.

ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ತಾಣವನ್ನು ಸ್ಥಳಾಂತರಿಸುವಾಗ ಡೇಟಾಬೇಸ್ ಕನ್ನಡವನ್ನು ಹಿಡಿಯಲಾರದ ವರ್ಣಸಂಕೇತದಲ್ಲಿ ಬರೆದುಕೊಂಡಿದೆ. ಮೂಲ ಅಕ್ಷರಗಳು ಹೋದವು. ಯಾವ ಪ್ಲಗಿನ್‌ನಿಂದಲೂ ಮರಳಿ ಬಾರವು. ಬ್ಯಾಕಪ್ ಒಂದೇ ಗತಿ. ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು ಸಾಲಾಗಿ ಕಂಡರೆ ಸಮಾಧಾನಪಡಿ: ಅಕ್ಷರಗಳು ಉಳಿದಿವೆ, ಓದುವ ಸಂಕೇತ ತಪ್ಪಾಗಿದೆ. ಏನನ್ನೂ ಉಳಿಸದೆ, ಯಾವ ಲೇಖನವನ್ನೂ ತಿದ್ದದೆ ಕಾನ್ಫಿಗ್‌ನ ಸಂಕೇತ ಸಾಲನ್ನು ಮೊದಲಿನ ಸರ್ವರ್‌ನದ್ದರ ಜೊತೆ ಹೋಲಿಸಿ. ಚೌಕಗಳು ಕಂಡರೆ ಫಾಂಟ್ ಇಲ್ಲ, ಅಷ್ಟೇ.

ಸಾರಾಂಶದ ಕೊನೆಯಲ್ಲಿ ಮಾತ್ರ ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡಿತೇ? ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಪ್ಲಗಿನ್ ಬರೆದವರು ಅಕ್ಷರ ಎಣಿಸುವ ಬದಲು ಬೈಟ್ ಎಣಿಸಿ ಕತ್ತರಿಸಿದ್ದಾರೆ, ಕತ್ತರಿ ಅಕ್ಷರದ ನಡುವೆ ಬಿದ್ದಿದೆ. ಇದು ನಿಜಕ್ಕೂ ಪ್ಲಗಿನ್‌ನ ತಪ್ಪು, ಅವರಿಗೇ ಬರೆಯಿರಿ.

ಲೇಖನದ ವಿಳಾಸ ಅರ್ಧಕ್ಕೇ ತುಂಡಾಗುವುದು ಬೇರೆಯೇ ಕಥೆ. ವರ್ಡ್‌ಪ್ರೆಸ್ ವಿಳಾಸಕ್ಕೆ 200 ಅಕ್ಷರ ಜಾಗ ಕೊಟ್ಟಿದೆ. ಕನ್ನಡದ ಪ್ರತಿ ಸಂಕೇತ ವಿಳಾಸದಲ್ಲಿ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ, ಹೀಗಾಗಿ ಹಿಡಿಯುವುದು ಸುಮಾರು 22 ಸಂಕೇತ. "ಕರ್ನಾಟಕದ" ಎಂಬ ಒಂದೇ ಪದಕ್ಕೆ ಕಾಗುಣಿತ, ಒತ್ತು ಸೇರಿ ಎಂಟು ಬೇಕು. ಮೂರು ಪದಕ್ಕೆ ಜಾಗ ಮುಗಿಯಿತು. ವಿಳಾಸವನ್ನು ಕೈಯಾರೆ ಚಿಕ್ಕದಾಗಿ, ರೋಮನ್ ಲಿಪಿಯಲ್ಲಿ ಕೊಡುವುದೇ ಮೇಲು.

ಬಿಲ್ಲಿನ ಪಿಡಿಎಫ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಬಿದ್ದರೆ ಅದನ್ನು ತಯಾರಿಸುವ ಲೈಬ್ರರಿಗೆ ಭಾರತೀಯ ಲಿಪಿ ಜೋಡಿಸಲು ಬಾರದು. ಡಾಂಪಿಡಿಎಫ್ ಬಳಸುವ ಪ್ಲಗಿನ್‌ಗಳ ಪಾಡು ಇದು. ಎಂಪಿಡಿಎಫ್ ಬಳಸುವುದನ್ನು ಹುಡುಕಿ. ರೂಪಾಯಿ ಚಿಹ್ನೆ ಮಾತ್ರ ಪ್ರಶ್ನಾರ್ಥಕವಾದರೆ ಫಾಂಟ್ ಬದಲಿಸಿದರೆ ಸಾಕು. ಗ್ರಾಹಕರು ಕೊಟ್ಟ ಬರಹವೇ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಂಡರೆ ಅದು ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯುನಿಕೋಡ್ ಅಲ್ಲದ ಕಡತ. ಪರಿವರ್ತಿಸಿ ಹಾಕಿ, ತಾಣದ್ದೇನೂ ತಪ್ಪಿಲ್ಲ.

ಲಕ್ಷಣ: ತಾಣ ಬೇರೆಲ್ಲಿಗೋ ಕರೆದೊಯ್ಯುತ್ತದೆ, ಗೊತ್ತಿಲ್ಲದ ಪುಟಗಳು ಹುಟ್ಟಿವೆ

ಇದು ದೋಷವಲ್ಲ, ಕಳ್ಳತನ. ಮೊಬೈಲ್‌ನಲ್ಲಿ ಗೂಗಲ್ ಹುಡುಕಾಟದಿಂದ ಬಂದವರನ್ನು ಮಾತ್ರ ಜೂಜಿನ ತಾಣಕ್ಕೆ ಸಾಗಿಸಿ, ಲಾಗಿನ್ ಆದ ನಿಮಗೆ ಎಲ್ಲ ಸರಿಯಿರುವಂತೆ ತೋರಿಸುವಷ್ಟು ಜಾಣ ಕೋಡ್‌ಗಳಿವೆ. ಲಾಗೌಟ್ ಆಗಿ, ಮೊಬೈಲ್‌ನಿಂದ, ಹುಡುಕಾಟದ ಮೂಲಕವೇ ಬಂದು ನೋಡಿ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ನಿರ್ವಾಹಕರಿದ್ದಾರೆಯೇ? ಚಿತ್ರಗಳಿರಬೇಕಾದ ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ ಪಿಎಚ್‌ಪಿ ಕಡತಗಳಿವೆಯೇ? ಯಾವುದಾದರೂ ಒಂದು ಹೌದು ಎಂದಾದರೆ ಮೇಲಿನ ಪರೀಕ್ಷೆಗಳನ್ನೆಲ್ಲ ಬಿಟ್ಟು ಇಲ್ಲಿಗೆ ಬನ್ನಿ.

ಏನನ್ನೂ ಅಳಿಸಬೇಡಿ. ಕಡತಗಳ ಮತ್ತು ಸರ್ವರ್ ಲಾಗ್‌ಗಳ ಪ್ರತಿ ಮೊದಲು. ಹೇಗೆ ಒಳಬಂದರು ಎಂಬುದಕ್ಕೆ ಅದೊಂದೇ ಸಾಕ್ಷಿ. ತಾಣವನ್ನು ಮುಚ್ಚಿ, ಹೋಸ್ಟಿಂಗ್, ಡೇಟಾಬೇಸ್, ನಿರ್ವಾಹಕರು, ಪಾವತಿ ಕೀಲಿಗಳು ಎಲ್ಲದರ ಗುಪ್ತಪದ ಬದಲಿಸಿ. ಕಾನ್ಫಿಗ್‌ನ ಸಾಲ್ಟ್ (ಲಾಗಿನ್ ಗುರುತುಗಳನ್ನು ಕಾಯುವ ರಹಸ್ಯ ಪದಗಳ) ಸಾಲುಗಳನ್ನೂ ಬದಲಿಸಿದರೆ ಒಳಗೆ ಕೂತವರೆಲ್ಲ ಲಾಗೌಟ್ ಆಗುತ್ತಾರೆ. ವರ್ಡ್‌ಫೆನ್ಸ್ ಎಂಬ ಭದ್ರತಾ ಪ್ಲಗಿನ್‌ನಿಂದ ಶೋಧಿಸಬಹುದು, ಆದರೆ ಏನೂ ಸಿಗಲಿಲ್ಲ ಎಂದ ಮಾತ್ರಕ್ಕೆ ಏನೂ ಇಲ್ಲ ಎಂದಲ್ಲ. ಸ್ವಚ್ಛ ಬ್ಯಾಕಪ್ ಇಲ್ಲದಿದ್ದರೆ, ಕೊಳ್ಳುವವರ ಮಾಹಿತಿ ಇರುವ ತಾಣವಾಗಿದ್ದರೆ, ಒಬ್ಬರೇ ಹೆಣಗಬೇಡಿ. ಈ ಕೆಲಸವನ್ನೇ ಮಾಡುವವರನ್ನು ಕರೆಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಂತೆ ಕಂಪನಿಗಳು ಇಂಥ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಗ್ರಾಹಕರಿಗೆ ಅದನ್ನು ಬರಹದಲ್ಲಿ ತಿಳಿಸುವುದು ನಿಮ್ಮ ಕೆಲಸ. ಯಾರಾದರೂ ಹಣ ಕಳೆದುಕೊಂಡಿದ್ದರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ.

ದುಡ್ಡಿನ ಪ್ಲಗಿನ್‌ಗಳನ್ನು "ಉಚಿತವಾಗಿ" ಕೊಡುವ ನಕಲಿ ಪ್ರತಿಗಳಿಂದ ಈ ಗತಿ ಬಂದಿದ್ದರೆ ಅದೇ ಪ್ರತಿಯನ್ನು ಮತ್ತೆ ಹಾಕುವ ಪ್ರಶ್ನೆಯೇ ಇಲ್ಲ. ಬೀಗ ಹಾಕಿದವನ ಬಳಿಯೇ ಇನ್ನೊಂದು ಕೀಲಿ ಇದೆ.

ಸಹಾಯ ಕೇಳುವಾಗ

"ಪ್ಲಗಿನ್ ಕೆಲಸ ಮಾಡುತ್ತಿಲ್ಲ" ಎಂದು ಬರೆದರೆ ಎರಡು ದಿನ ಬರೀ ಮರುಪ್ರಶ್ನೆಗಳಲ್ಲಿ ಹೋಗುತ್ತದೆ. ಯಾವ ಪುಟ, ಎಷ್ಟು ಗಂಟೆಗೆ, ಯಾರಿಗೆ ಕಂಡಿತು; ವರ್ಡ್‌ಪ್ರೆಸ್, ಪಿಎಚ್‌ಪಿ, ಪ್ಲಗಿನ್ ಆವೃತ್ತಿಗಳು; ಲಾಗ್‌ನ ಆ ಒಂದು ಫೇಟಲ್ ಸಾಲು; ಈಗಾಗಲೇ ಏನೇನು ಮಾಡಿ ನೋಡಿದ್ದೀರಿ. ಆವೃತ್ತಿಗಳ ಪಟ್ಟಿಯನ್ನು ಸೈಟ್ ಹೆಲ್ತ್‌ನ ಮಾಹಿತಿ ಪುಟದಿಂದ ಒಂದೇ ಒತ್ತಿಗೆ ನಕಲಿಸಬಹುದು. ಅವರು ನಿರ್ವಾಹಕ ಲಾಗಿನ್ ಕೇಳಿದರೆ ನಿಮ್ಮದನ್ನು ಕೊಡಬೇಡಿ, ತಾತ್ಕಾಲಿಕ ಖಾತೆಯೊಂದನ್ನು ಮಾಡಿಕೊಡಿ.

ದೋಷ ಹೋದ ಮೇಲೆ

ಡಿಬಗ್ ಸಾಲುಗಳನ್ನು ಆಫ್ ಮಾಡಿ, ಡಿಬಗ್ ಲಾಗ್ ಕಡತ ಅಳಿಸಿ. ಅದು ಮೂಲತಃ ಕೂರುವುದು ಡಬ್ಲ್ಯೂಪಿ-ಕಂಟೆಂಟ್‌ನಲ್ಲಿ, ಹೆಸರು ಊಹಿಸಿದ ಯಾರು ಬೇಕಾದರೂ ಬ್ರೌಸರ್‌ನಲ್ಲೇ ತೆರೆದು ಓದಬಹುದು. ಹೆಸರು ಬದಲಿಸಿದ ಫೋಲ್ಡರ್‌ಗಳು, ಸ್ಟೇಜಿಂಗ್ ಪ್ರತಿ, ಮೂಲ ಫೋಲ್ಡರ್‌ನಲ್ಲಿ ಬಿಟ್ಟ ಬ್ಯಾಕಪ್ ಜಿಪ್, ತಾತ್ಕಾಲಿಕ ಖಾತೆ ಎಲ್ಲವನ್ನೂ ತೆಗೆಯಿರಿ. ಡ್ಯಾಶ್‌ಬೋರ್ಡ್‌ನಿಂದಲೇ ಕಡತ ತಿದ್ದಲು ಫೈಲ್ ಮ್ಯಾನೇಜರ್ ಪ್ಲಗಿನ್ ಹಾಕಿಕೊಂಡಿದ್ದರೆ ಅದು ಮೊದಲು ಹೋಗಲಿ. 2020ರ ಸೆಪ್ಟೆಂಬರ್‌ನಲ್ಲಿ ಅದೇ ಹೆಸರಿನ, ಏಳು ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಪ್ಲಗಿನ್‌ನ ಒಂದು ಬಿರುಕಿನಿಂದ ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಕಡತ ಏರಿಸಲು ಸಾಧ್ಯವಾಗಿತ್ತು. ಕೊನೆಗೆ ಎರಡು ಸಾಲು ಬರೆದು ಗ್ರಾಹಕರಿಗೆ ಕಳುಹಿಸಿ: ಏನು ಕೆಟ್ಟಿತ್ತು, ಯಾವುದನ್ನು ಬದಲಿಸಿದೆ. ಬಿಲ್ಲನ್ನೂ ಅದರ ಜೊತೆಯಲ್ಲೇ ಲಗತ್ತಿಸಿ.